ಲಾಡಿ ಇಲ್ಲದ ಅಂಗಿ

ಟೈಲರಮ್ಮನನ್ನು ಆಸ್ಪತ್ರೆಯವರು ‘ರೋಗಿಮಿತ್ರ’ ಎಂದು ಆರಿಸಿದ್ದಕ್ಕೆ ಒಂದೇ ಕಾರಣ. ಈಕೆಗೆ ಬಾಯಿ ಇಲ್ಲ ಎಂದು ಅವರು ನಂಬಿದ್ದರು. ಪಾಪ, ಅವರನ್ನೂ ದೂರುವಂತಿಲ್ಲ. ಇಪ್ಪತ್ತೆರಡು ವರ್ಷ ಹಲ್ಲುಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಬಟ್ಟೆ ಹೊಲಿದವಳು ಆಕೆ. ಬಾಯಿ ತೆರೆದರೆ ಸೂಜಿ ಉದುರುತ್ತದೆ. ಹಾಗಾಗಿ ಗಿರಾಕಿ ಬೈದರೂ ‘ಹೂಂ’, ಹೊಗಳಿದರೂ ‘ಹೂಂ’. ಎಡಗಡೆಯ ಮೊಲೆ ತೆಗೆಯಬೇಕು ಎಂದು ಡಾಕ್ಟರ್ ಹೇಳಿದಾಗಲೂ ಆಕೆ ಅಂದದ್ದು ‘ಹೂಂ’ ಅಷ್ಟೇ.

ಆಸ್ಪತ್ರೆಗೆ ದೊಡ್ಡ ದರ್ಜೆಯ ಮಾನ್ಯತೆ ಬೇಕಿತ್ತು. ಅದಕ್ಕಾಗಿ ಹೊರಗಿನಿಂದ ಮೂವರು ತಪಾಸಣೆಗೆ ಬರುವವರಿದ್ದರು. ರೋಗಿಗಳ ಹಿತ ಕಾಯುವ ಸಮಿತಿಯೊಂದು ಇರಬೇಕು, ಅದರಲ್ಲಿ ಒಬ್ಬರಾದರೂ ರೋಗಿ ಇರಬೇಕು ಎಂದು ಅವರ ನಿಯಮ. ಇಷ್ಟನ್ನೂ ಬಾಯಿ ಬಿಟ್ಟು ಹೇಳಬೇಕಾಯಿತಲ್ಲ, ಆ ನಿಯಮ ಬರೆದ ಪುಣ್ಯಾತ್ಮ ಎಷ್ಟು ಆಸ್ಪತ್ರೆ ನೋಡಿದ್ದನೋ. ಸೂಪರಿಂಟೆಂಡೆಂಟ್ ಸಾಹೇಬರು ಹುಡುಕಾಟ ಶುರು ಮಾಡಿದರು. ರೋಗಿ ಬಡವಳಾಗಿರಬೇಕು, ಬದುಕಿರಬೇಕು, ಫೋಟೋದಲ್ಲಿ ನಗಬೇಕು, ಅದಕ್ಕಿಂತ ಹೆಚ್ಚೇನೂ ಮಾಡಬಾರದು. ಆಗ ಅವರಿಗೆ ನೆನಪಾದದ್ದು ಪೆನ್ಸಿಲ್ಲಿನ ಕಥೆ.

ಆಪರೇಷನ್ ಆದ ಮೇಲೆ ಟೈಲರಮ್ಮನಿಗೆ ಇಪ್ಪತ್ತೈದು ದಿನ ಕರೆಂಟು ಕೊಡಬೇಕೆಂದು ಬರೆದಿದ್ದರು. ರೇಡಿಯೇಷನ್‌ಗೆ ಆ ಕಾರಿಡಾರಿನಲ್ಲಿ ಎಲ್ಲರೂ ಕರೆಂಟು ಎಂದೇ ಅನ್ನುತ್ತಿದ್ದರು. ಎದೆಯ ಮೇಲೆ ನೇರಳೆ ಮಸಿಯಲ್ಲಿ ಗೆರೆ ಎಳೆದು, ಇದು ಅಳಿಸಬಾರದು, ಉಜ್ಜಿ ತೊಳೆಯಬಾರದು ಎಂದು ಕಳಿಸಿದರು. ಅಳಿಸಬಾರದು ಸರಿ. ಆದರೆ ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತರೆ ಬೆವರು ಕೇಳುತ್ತದೆಯೇ? ಆರನೆಯ ದಿನ ಒಂದು ಗೆರೆ ಅರ್ಧ ಮಾಯವಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಹೆದರಿ ಆಸ್ಪತ್ರೆಗೆ ಓಡುತ್ತಿದ್ದರು. ಟೈಲರಮ್ಮ ಹೆದರಲಿಲ್ಲ. ಗೆರೆ ಎಳೆಯುವುದು ಅವಳ ಕಸುಬು. ಕನ್ನಡಿಯ ಮುಂದೆ ನಿಂತು, ಟೇಪು ಹಿಡಿದು, ಕೊರಳ ಗುಂಡಿಯಿಂದ ಅಳತೆ ತೆಗೆದು, ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ಲಿನಿಂದ ಆ ಗೆರೆಯನ್ನು ಪೂರ್ತಿ ಮಾಡಿದಳು. ಒಂದು ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ.

ಮಾರನೆಯ ದಿನ ಮೆಷಿನ್ ಕೋಣೆಯ ಟೆಕ್ನೀಷಿಯನ್ ಕೂಗಿದ ಕೂಗಿಗೆ ಕಾರಿಡಾರೇ ಎದ್ದು ನಿಂತಿತು.

“ಇದು ಯಾರು ಗೀಚಿದ್ದು?”

“ಗೀಚಿದ್ದಲ್ಲ ಸಾರ್, ಅಳತೆ ಹಿಡಿದು ಹಾಕಿದ್ದು.”

“ನಿಮ್ಮ ಅಳತೆ ಮನೆ ಹಾಳಾಗ! ಅರ್ಧ ಇಂಚು ತಪ್ಪಿದೆ.”

“ನಾನು ಅರ್ಧ ಇಂಚು ತಪ್ಪಲ್ಲ ಸಾರ್. ನಿಮ್ಮ ಮೊದಲಿನ ಗೆರೆನೇ ಸೊಟ್ಟ ಇತ್ತು. ನಾನು ಸರಿ ಮಾಡಿದೀನಿ.”

ಅವಳ ಬಾಯಲ್ಲಿ ಅಂದು ಸೂಜಿ ಇರಲಿಲ್ಲ ಎನ್ನುವುದನ್ನು ಯಾರೂ ಗಮನಿಸಲಿಲ್ಲ. ಗೆರೆ ಹೊಸದಾಗಿ ಎಳೆಯಲು ಒಂದು ದಿನ ಹಾಳಾಯಿತು. ಅಂಗಿ ಬಿಚ್ಚಿ ನಿಂತ ಅವಳ ಸುತ್ತ ನಾಲ್ಕು ಜನ ಸೇರಿ, ಆ ನೇರವಾದ ಗೆರೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಥೆ ಮಹಡಿ ಹತ್ತಿ ಸಾಹೇಬರ ಕೋಣೆಗೂ ಹೋಯಿತು. ‘ಎಂಥಾ ಮುಗ್ಧೆ!’ ಎಂದರಂತೆ ಸಾಹೇಬರು. ಸಮಿತಿಗೆ ಮುಗ್ಧೆ ಸಿಕ್ಕಳು. ಎದೆಗೆ ಹಚ್ಚಿಕೊಳ್ಳಲು ಹಸಿರು ಬಿಲ್ಲೆ ಕೊಟ್ಟರು. ಇಲ್ಲದ ಮೊಲೆಯ ಜಾಗದಲ್ಲಿ ಅದು ಚೆನ್ನಾಗಿ ಕೂತಿತು.

ಈಗ ಅಂಗಿಯ ವಿಷಯ.

ಕರೆಂಟಿಗೆ ಹೋಗುವ ಹೆಂಗಸರು ಸ್ವಂತ ಬಟ್ಟೆ ಬಿಚ್ಚಿ ಆಸ್ಪತ್ರೆಯ ಅಂಗಿ ತೊಡಬೇಕು. ಮುಂದೆ ತೆರೆದಿರುವ, ಮಂಡಿಯ ತನಕ ಬರುವ ತೆಳು ಅಂಗಿ. ಎದೆಯ ಹತ್ತಿರ ಒಂದು ಜೊತೆ, ಸೊಂಟದ ಹತ್ತಿರ ಒಂದು ಜೊತೆ ಲಾಡಿ ಇರಬೇಕು. ಇದ್ದವು, ಯಾವುದೋ ಕಾಲದಲ್ಲಿ. ಬಟ್ಟೆ ಒಗೆಯುವ ದೊಡ್ಡ ಡ್ರಮ್ಮು ಅವನ್ನು ಕಿತ್ತು ತಿಂದಿತ್ತು. ಉಳಿದದ್ದು ಅಂಗಿ ಮಾತ್ರ. ಅದೂ ಗಂಡಸರ ಅಳತೆಯದು.

ಹನ್ನೆರಡು ಹೆಂಗಸರು ಒಟ್ಟಿಗೆ ಅಂಗಿ ತೊಟ್ಟು ಕಾರಿಡಾರಿನ ಬೆಂಚಿನ ಮೇಲೆ ಸಾಲಾಗಿ ಕೂರಬೇಕು. ಒಬ್ಬಳು ಒಳಗೆ ಹೋಗಿ ಬಟ್ಟೆ ಬದಲಿಸುವಷ್ಟು ಹೊತ್ತು ಮೆಷಿನ್ ಸುಮ್ಮನೆ ನಿಲ್ಲಬಾರದಲ್ಲ. ಮೆಷಿನ್ ಕಾಯಬಾರದು, ಹೆಂಗಸರು ಎರಡು ಗಂಟೆ ಕಾದರೂ ನಡೆಯುತ್ತದೆ. ಆ ಕಾರಿಡಾರೇ ಔಷಧದ ಕಿಟಕಿಗೂ ದಾರಿ, ಎಕ್ಸ್‌ರೇಗೂ ದಾರಿ, ಕ್ಯಾಂಟೀನಿಗೂ ದಾರಿ. ಇಡೀ ಊರು ಅವರ ಮುಂದೆ ಹಾದು ಹೋಗುತ್ತಿತ್ತು. ಒಂದು ಪರದೆ ಇರಲಿಲ್ಲ.

ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂರಬೇಕು. ಎಷ್ಟು ಕೈ ಇವೆ? ಒಂದು. ಆಪರೇಷನ್ ಆದ ಕಡೆಯ ಕೈ ಭುಜದ ಮೇಲೆ ಏಳುವುದಿಲ್ಲ, ಊದಿಕೊಂಡಿರುತ್ತದೆ, ಬೆರಳಿಗೆ ಹಿಡಿತವಿರುವುದಿಲ್ಲ. ಇರುವ ಒಂದು ಕೈಯಲ್ಲಿ ಅಂಗಿ ಹಿಡಿದರೆ ಫೈಲು ಬೀಳುತ್ತದೆ. ಫೈಲು ಹಿಡಿದರೆ ಮಾನ ಬೀಳುತ್ತದೆ.

ಇದಕ್ಕೆ ಉಪಾಯ ಮಾಡಿಕೊಂಡದ್ದು ಬೆಂಚಿನವರೇ. ಹೊಸಬಳು ಬಂದ ಕೂಡಲೇ ತರಕಾರಿ ಮಾರುವ ಅಜ್ಜಿ ಕೇಳುತ್ತಿದ್ದಳು, “ಎಡವೋ, ಬಲವೋ?” ಎಡಗೈ ಆಗದವಳನ್ನು ಬಲಗೈ ಆಗದವಳ ಪಕ್ಕಕ್ಕೆ ಕೂರಿಸುತ್ತಿದ್ದಳು. ಇಬ್ಬರೂ ಸೇರಿ ಎರಡು ಕೈಯ ಒಬ್ಬ ಮನುಷ್ಯಳಾಗುತ್ತಿದ್ದರು. ನಂಬರ್ ಕೂಗಿದಾಗ ಒಬ್ಬಳು ಎದ್ದರೆ, ಇನ್ನೊಬ್ಬಳು ಜೊತೆಗೆ ನಡೆದು, ಅವಳ ಅಂಗಿ ಹಿಡಿದು ಬಾಗಿಲ ತನಕ ಬಿಟ್ಟು ಬರಬೇಕು. ಮದುವೆಗೂ ಇಷ್ಟು ನೋಡಿ ಜೋಡಿ ಮಾಡಿರಲಿಲ್ಲ ಎಂದು ಅಜ್ಜಿ ತಮಾಷೆ ಮಾಡುತ್ತಿದ್ದಳು.

ಟೈಲರಮ್ಮ ಎಡದವಳು. ಅವಳ ಜೋಡಿ ಬಲದವಳು, ಬಸ್ ಕಂಡಕ್ಟರ್. ಮೂವತ್ತೆಂಟರ ಗಟ್ಟಿ ಹೆಂಗಸು. ತುಂಬಿದ ಬಸ್ಸಿನಲ್ಲಿ ಕುಡುಕರ ಕಾಲರ್ ಹಿಡಿದು ಇಳಿಸಿದವಳು. ಬೆಂಚಿನ ಮೇಲೆ ಮಾತ್ರ ಆ ಗಂಟಲು ಪಿಸುಗುಡುತ್ತಿತ್ತು.

“ಅಕ್ಕ, ಬಿಟ್ಟೀರಾ ಮತ್ತೆ. ಗಟ್ಟಿ ಹಿಡ್ಕೊಳ್ಳಿ.”

“ಹೂಂ.”

ಟೈಲರಮ್ಮ ಸುಮ್ಮನಿದ್ದಳು ಎಂದಲ್ಲ. ಎರಡನೆಯ ವಾರದಲ್ಲಿ ಸೂಜಿ, ದಾರ, ಒಂದು ಮೊಳ ನಾಡಾ ಚೀಲದಲ್ಲಿಟ್ಟುಕೊಂಡು ಬಂದು, ಬೆಂಚಿನ ಮೇಲೆಯೇ ತನ್ನ ಅಂಗಿಗೆ ಲಾಡಿ ಹಚ್ಚತೊಡಗಿದ್ದಳು. ಉಗ್ರಾಣದವನು ಓಡಿಬಂದು ಕಿತ್ತುಕೊಂಡ. ಆಸ್ಪತ್ರೆಯ ಸ್ವತ್ತನ್ನು ತಿದ್ದುವ ಹಾಗಿಲ್ಲ. ಸೂಜಿ ತರುವ ಹಾಗಿಲ್ಲ, ಸೋಂಕು. ದಿನವೂ ಸೂಜಿಯಿಂದಲೇ ಚುಚ್ಚಿಸಿಕೊಳ್ಳುವ ಹನ್ನೆರಡು ಹೆಂಗಸರು ಈ ಹೊಸ ವಿಷಯವನ್ನು ಗಂಭೀರವಾಗಿ ಕೇಳಿಕೊಂಡರು.

ಒಂದು ಶುಕ್ರವಾರ ಟೈಲರಮ್ಮನ ಇಪ್ಪತ್ತೈದನೆಯ ದಿನ ಮುಗಿಯಿತು. ಕಂಡಕ್ಟರಿಗೆ ಇನ್ನೂ ಹನ್ನೊಂದೇ ಆಗಿದ್ದವು. ಟೈಲರಮ್ಮ ಆ ಅಂಗಿ ಬಿಚ್ಚಿ ಬುಟ್ಟಿಗೆ ಎಸೆದು, ತನ್ನ ಬಟ್ಟೆಯ ಗುಂಡಿಗಳನ್ನೆಲ್ಲ ಕುತ್ತಿಗೆಯ ತನಕ ಹಾಕಿಕೊಂಡು, ಹಿಂದೆ ತಿರುಗಿ ನೋಡದೆ ಹೊರಟಳು. ಜೋಡಿಗೆ ‘ಬರ್ತೀನಿ’ ಎಂದೂ ಹೇಳಲಿಲ್ಲ. ಖುಷಿ ಅಷ್ಟಿತ್ತು. ಖುಷಿಯಲ್ಲಿ ಮನುಷ್ಯ ಎಷ್ಟು ನೀಚನಾಗುತ್ತಾನೆ ಎಂದು ಆಕೆಗೆ ಅನಿಸಿದ್ದು ಆಮೇಲೆ.

ಮುಂದಿನ ಸೋಮವಾರ ಸಮಿತಿಯ ಮೊದಲ ಸಭೆ. ಮಹಡಿಯ ಮೇಲೆ, ತಣ್ಣನೆಯ ಕೋಣೆ. ಸಾಹೇಬರು ಬಲು ಮರ್ಯಾದೆಯಿಂದ ಕೇಳಿದರು, “ನಮ್ಮ ರೋಗಿಮಿತ್ರರಿಗೆ ಏನಾದ್ರೂ ಹೇಳೋದಿದೆಯಾ?”

“ಲಾಡಿ,” ಎಂದಳು ಟೈಲರಮ್ಮ.

ಎಲ್ಲರೂ ಅವಳ ಮುಖ ನೋಡಿದರು. ಅವಳು ವಿವರಿಸಿದಳು. ಒಂದು ಜೊತೆ ಲಾಡಿ, ಒಂದು ಪರದೆ. ಉಗ್ರಾಣದವನು ಎದ್ದು ನಿಂತು ಪಾಠ ಒಪ್ಪಿಸಿದ. ಲಾಡಿ ಬಟ್ಟೆಗೆ ಸೇರಿದ್ದು, ಬಟ್ಟೆ ಒಗೆಯುವವರ ಗುತ್ತಿಗೆಗೆ ಸೇರಿದ್ದು, ಗುತ್ತಿಗೆ ಮುಗಿಯಲು ಎಂಟು ತಿಂಗಳಿದೆ, ಆಮೇಲೆ ಹೊಸ ಟೆಂಡರಿನಲ್ಲಿ ಲಾಡಿಯ ಉದ್ದ ಎಷ್ಟಿರಬೇಕೆಂದು ತಜ್ಞರನ್ನು ಕೇಳಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೂ ಕೊಟ್ಟಿರಲಿಲ್ಲ.

“ಬರ್ಕೊಳ್ಳಿ, ಬರ್ಕೊಳ್ಳಿ. ತುಂಬಾ ಮುಖ್ಯವಾದ ವಿಷಯ,” ಎಂದರು ಸಾಹೇಬರು. “ಮುಂದಿನದು, ಮೀನಿನ ತೊಟ್ಟಿ.”

ಕಾರಿಡಾರಿನಲ್ಲಿ ಗಾಜಿನ ಮೀನಿನ ತೊಟ್ಟಿ ಇಟ್ಟರೆ ರೋಗಿಗಳ ಮನಸ್ಸು ಅರಳುತ್ತದಂತೆ. ತಪಾಸಣೆಯಲ್ಲಿ ಅದಕ್ಕೆ ಬೇರೆ ಅಂಕವಂತೆ. ಕೈ ಎತ್ತಿ ಎಂದರು. ಎಲ್ಲರೂ ಎತ್ತಿದರು. ಟೈಲರಮ್ಮನೂ ಎತ್ತಿದಳು. ಯಾಕೆ ಎಂದರೆ ಇಷ್ಟೇ. ಎಲ್ಲರೂ ಎತ್ತಿದರು, ಅವಳಿಗೂ ಒಂದು ಕೈ ಎತ್ತಲು ಬರುತ್ತಿತ್ತು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಎಂಟು ತಿಂಗಳಿಗೂ ಬಾರದ ಲಾಡಿಯ ಊರಿಗೆ ತೊಟ್ಟಿ ನಾಲ್ಕೇ ದಿನದಲ್ಲಿ ಬಂತು. ಎಂಟು ಕೆಂಪು ಮೀನು. ಬೆಂಚಿನವರು ಟೈಲರಮ್ಮನಿಗೆ ‘ಮೀನಮ್ಮ’ ಎಂದು ಹೆಸರಿಟ್ಟರು.

ಎರಡನೆಯ ಸಭೆ ಅದರ ಮುಂದಿನ ಸೋಮವಾರ. ಸಾಹೇಬರು ಒಂದು ಹಾಳೆ ಅವಳ ಮುಂದೆ ಸರಿಸಿದರು. ವರ್ಷದೊಳಗೆ ಕರೆಂಟನ್ನು ಅರ್ಧಕ್ಕೆ ಬಿಟ್ಟು ಹೋದ ಹೆಂಗಸರ ಪಟ್ಟಿ. ಏಳು ಹೆಸರು, ಏಳು ವಿಳಾಸ. ಕೊನೆಯ ಅಂಕಣದಲ್ಲಿ ಬಿಟ್ಟ ಕಾರಣ. ಮೊದಲ ಸಾಲಿಗೆ ‘ಅಜ್ಞಾನ’ ಎಂದು ಟೈಪಾಗಿತ್ತು. ಅದರ ಕೆಳಗೆ ಆರು ಬಾರಿ ‘ಸದರಿ, ಸದರಿ, ಸದರಿ.’ ಬೆರಳಚ್ಚಿನವನಿಗೂ ಅಜ್ಞಾನ ಎಂದು ಏಳು ಸಲ ಹೊಡೆಯಲು ಬೇಸರವಾಗಿರಬೇಕು. ಏಳನೆಯ ಸಾಲಿನ ಸದರಿಯ ಎದುರಿಗೆ ಇದ್ದದ್ದು ಕಂಡಕ್ಟರಳ ಹೆಸರು.

“ರೋಗಿಗಳ ಪರವಾಗಿ ಇಲ್ಲೊಂದು ಸಹಿ ಹಾಕಿಬಿಡಿ. ಗುರುವಾರ ತಪಾಸಣೆ.”

“ಕನ್ನಡಕ ತಂದಿಲ್ಲ ಸಾರ್. ಮನೇಲಿ ಓದಿ ಹಾಕ್ತೀನಿ.”

ಕನ್ನಡಕ ದಾರದಲ್ಲಿ ಅವಳ ಕೊರಳಿಗೇ ನೇತು ಬಿದ್ದಿತ್ತು. ಯಾರಿಗೂ ಕಾಣಲಿಲ್ಲ. ಆ ಕೋಣೆಯಲ್ಲಿ ಯಾರೂ ಅವಳನ್ನು ಅಷ್ಟು ನೋಡುತ್ತಿರಲಿಲ್ಲ.

ಕೆಳಗೆ ಬಂದು ಅಜ್ಜಿಯನ್ನು ಹಿಡಿದಳು. ಅಜ್ಜಿ ಮುಖ ಕೊಟ್ಟು ಮಾತಾಡಲಿಲ್ಲ. “ನೀನು ಮೇಲೆ ಮೀನಿಗೆ ಕೈ ಎತ್ತಿದ ದಿನಾನೇ. ಅವಳಿಗೆ ಜೋಡಿ ಇರ್ಲಿಲ್ಲ. ಎಡದವರೆಲ್ಲ ಬೇರೆಯವರ ಜೊತೆ ಇದ್ರು. ನಂಬರ್ ಕೂಗಿದ್ರು. ಎದ್ಲು, ಫೈಲು ಜಾರ್ತು, ಹಿಡಿಯಕ್ಕೆ ಹೋದ್ಲು, ಅಂಗಿ ಪೂರ್ತಿ ಬಿಚ್ಕೊಳ್ತು. ಎದುರಿಗೆ ಅವಳ ಡಿಪೋದ ಡ್ರೈವರ್ ನಿಂತಿದ್ದ, ಅಪ್ಪನಿಗೆ ಔಷಧಿ ತಗೋಳಕ್ಕೆ ಬಂದವನು. ಮಾರನೇ ದಿನದಿಂದ ಅವಳು ಬಂದಿಲ್ಲ.”

ಕರೆಂಟಿನ ಡಾಕ್ಟರ್ ಚಿಕ್ಕ ವಯಸ್ಸಿನವಳು, ಊಟವನ್ನೂ ನಿಂತೇ ಮಾಡುವವಳು. ಕ್ಯಾಲೆಂಡರ್ ನೋಡಿ ಅವಳ ಮುಖ ಸಪ್ಪಗಾಯಿತು. “ಒಂದು ವಾರ ಆಯ್ತು. ಈ ಗುರುವಾರದೊಳಗೆ ಬಂದ್ರೆ ಎರಡು ದಿನ ಹೆಚ್ಚು ಕೊಟ್ಟು ಸರಿದೂಗಿಸ್ತೀನಿ. ಅದು ದಾಟಿದ್ರೆ ಕೊಟ್ಟಿದ್ದೆಲ್ಲ ನೀರಲ್ಲಿ ಹೋಮ. ಕಾಯಿಲೆ ವಾಪಸ್ ಬಂದ್ರೆ ನನ್ನ ಕೇಳ್ಬೇಡಿ.”

ಕಂಡಕ್ಟರ್ ಮನೆಯಲ್ಲಿರಲಿಲ್ಲ. ಬಸ್ಸಿನಲ್ಲಿದ್ದಳು. ಟೈಲರಮ್ಮ ಹತ್ತಿ, ಹಿಂದಿನ ಬಾಗಿಲ ಕಂಬ ಹಿಡಿದು ನಿಂತಳು.

“ಮುಂದೆ ನಡೀರಿ, ಮುಂದೆ ನಡೀರಿ! ಅಲ್ಲೇನು ಬೇರು ಬಿಟ್ಟಿದೆಯಾ?” ಎಂದು ಕೂಗುತ್ತ, ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು, ಎಡಗೈಯೊಂದರಲ್ಲೇ ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್ ಅವಳ ಎದುರಿಗೆ ನಿಂತಳು. “ಎಲ್ಲಿಗೆ?”

“ನಿನ್ನ ಹತ್ರಕ್ಕೇ.”

“ಅಂಥ ಸ್ಟಾಪ್ ಇಲ್ಲ.”

ಆದರೂ ಎರಡು ಸ್ಟಾಪ್ ಕಳೆದ ಮೇಲೆ ತಾನೇ ಪಕ್ಕಕ್ಕೆ ಬಂದಳು. “ಅವನು ನಕ್ಕಿದ್ರೆ ಕಪಾಳಕ್ಕೆ ಬಿಗೀತಿದ್ದೆ ಅಕ್ಕ. ನಗಲಿಲ್ಲ. ತಲೆ ತಗ್ಗಿಸ್ಕೊಂಡು ಹೋದ. ಮಾರನೇ ದಿನ ಡಿಪೋದಲ್ಲಿ ಎಲ್ಲರೂ ನನ್ನ ಹತ್ರ ಮೆತ್ತಗೆ ಮಾತಾಡಕ್ಕೆ ಶುರು ಮಾಡಿದ್ರು. ಹದಿನಾಲ್ಕು ವರ್ಷ ಅವರ ಜೊತೆ ಜಗಳ ಆಡ್ಕೊಂಡು ಬದುಕಿದೀನಿ. ಈಗ ‘ಕೂತ್ಕೊಳ್ಳಿ ಮೇಡಂ’ ಅಂತಾರೆ. ಹಾಳು ಕಾಯಿಲೆಯಿಂದ ಸಾಯೋದು ವಾಸಿ.”

ಟೈಲರಮ್ಮ ಪಟ್ಟಿ ತೆಗೆದು ಏಳನೆಯ ಸಾಲು ತೋರಿಸಿದಳು, ಮೀನಿಗೆ ಕೈ ಎತ್ತಿದ್ದನ್ನೂ ಹೇಳಿದಳು. “ತಪ್ಪು ನಂದು. ಹೇಳದೆ ಹೋದೆ. ಗುರುವಾರ ಬಾ, ನಿಂಗೆ ಲಾಡಿ ಇರೋ ಅಂಗಿ ನಾನೇ ಹೊಲಿದು ತರ್ತೀನಿ.”

“ನನಗೊಬ್ಬಳಿಗಾ? ಉಳಿದವರು ಮುಷ್ಟಿ ಹಿಡ್ಕೊಂಡಿರ್ಲಿ, ನಾನು ರಾಣಿ ಥರ ಕೂತ್ಕೊಳ್ಳಾ? ಹನ್ನೆರಡೂ ಜನಕ್ಕೆ ಆದ್ರೆ ಬರ್ತೀನಿ. ಇಲ್ಲ ಅಂದ್ರೆ ನಿಮ್ಮ ಮೀನಿಗೇ ಕರೆಂಟು ಕೊಡ್ಸಿ.” ಆಮೇಲೆ ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು, “ಇಳಿಯೋರು ಇಳೀರಿ!”

ಟೈಲರಮ್ಮ ಇಳಿದಳು. ಇಳಿದ ಜಾಗದಿಂದ ಮನೆಗೆ ಒಂದು ಗಂಟೆ ನಡೆಯಬೇಕಿತ್ತು. ನಡೆಯುವಾಗ ಅವಳಿಗೆ ಸಿಟ್ಟು ಬಂತು. ಕಾಯಿಲೆ ಬಂದಾಗ ಬಂದಿರಲಿಲ್ಲ, ನಾಲ್ಕು ಜನ ಸುತ್ತ ನಿಂತು ನಕ್ಕಾಗಲೂ ಬಂದಿರಲಿಲ್ಲ. ಒಬ್ಬ ಗಟ್ಟಿಗಿತ್ತಿಯನ್ನು ಸಾವಿನ ಬಾಗಿಲಿಗೆ ತಳ್ಳಲು ಒಂದು ಗೇಣು ಲಾಡಿ ಸಾಕಾಯಿತಲ್ಲ ಎಂದು ಬಂತು. ಆ ಸಿಟ್ಟು ಆಮೇಲೆ ಇಳಿಯಲಿಲ್ಲ.

ಹನ್ನೆರಡು ಅಂಗಿ, ಎರಡು ದಿನ. ಎಡಗೈ ಭಾರ ಎತ್ತಬಾರದೆಂದು ಡಾಕ್ಟರ್ ಹೇಳಿದ್ದರು. ಮೆಷಿನ್ ತುಳಿಯಲು ಕಾಲು ಸಾಕು, ಆದರೆ ಬಟ್ಟೆ ಸರಿಸಲು ಎರಡೂ ಕೈ ಬೇಕು. ನಾಲ್ಕನೆಯ ಅಂಗಿಗೆ ಬರುವಷ್ಟರಲ್ಲಿ ಎಡಗೈ ಮೊಣಕೈಯ ತನಕ ಊದಿ ಬಿಗಿದಿತ್ತು. ಅವಳ ಅತ್ತೆ ಮನೆ ಮುಂದಿನ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದಳು.

“ಬದುಕಿ ಬಂದಿದೀಯ. ಬಾಯಿ ಮುಚ್ಕೊಂಡು ಬದುಕಕ್ಕೆ ಏನು ಕಷ್ಟ ನಿಂಗೆ?”

“ಬಾಯಿ ಮುಚ್ಚೇ ಇದೆಯಲ್ಲ ಅತ್ತೆ, ಸೂಜಿ ಕಚ್ಕೊಂಡಿದೀನಿ.”

“ಇದನ್ನೆಲ್ಲ ನೋಡೋ ಕರ್ಮ ನಂಗೆ,” ಎಂದು ಗೊಣಗುತ್ತ ಅತ್ತೆ ಕೆಳಗೆ ಕೂತು ಲಾಡಿ ಮಡಿಸತೊಡಗಿದಳು. ಮಧ್ಯಾಹ್ನ ಕರೆಂಟು ಮುಗಿಸಿಕೊಂಡು ಅಜ್ಜಿ ಬಂದಳು, ಜೊತೆಗೆ ಬೆಂಚಿನ ಐವರು. ಒಬ್ಬಳು ಎಡಗೈಯಲ್ಲಿ ಬಟ್ಟೆ ಒತ್ತಿ ಹಿಡಿದರೆ, ಅವಳ ಜೋಡಿ ಬಲಗೈಯಲ್ಲಿ ಕತ್ತರಿ ಆಡಿಸಿದಳು. ಆ ಪುಟ್ಟ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರೂ ಯಾರಿಗೂ ಧೈರ್ಯ ಹೇಳಲಿಲ್ಲ, ಬರೀ ಜಗಳ. ಲಾಡಿ ಉದ್ದವಾಯಿತು, ಗಿಡ್ಡವಾಯಿತು, ಈ ಬಣ್ಣ ಯಾರು ಆರಿಸಿದ್ದು. ಆಪರೇಷನ್ ಆದ ಮೇಲೆ ಟೈಲರಮ್ಮ ಅಷ್ಟು ನಕ್ಕಿದ್ದು ಅದೇ ಮೊದಲು. ಹನ್ನೆರಡೂ ಅಂಗಿ ಆಯಿತು ಎಂದು ಅಜ್ಜಿ ಕಂಡಕ್ಟರಿಗೆ ಹೇಳಿ ಕಳಿಸಿದಳು.

ಗುರುವಾರ ಬೆಳಿಗ್ಗೆ ಹನ್ನೊಂದು ಹೆಂಗಸರು ಹೊಸ ಅಂಗಿ ತೊಟ್ಟು, ಲಾಡಿ ಬಿಗಿದು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಹನ್ನೆರಡನೆಯ ಜಾಗ ಖಾಲಿ. ಟೆಕ್ನೀಷಿಯನ್ ಬಾಗಿಲು ತೆರೆದವನು ಅಲ್ಲೇ ನಿಂತ.

“ಏನ್ರೀ ಇದು? ಹೊರಗಿನ ಬಟ್ಟೆ ಒಳಗೆ ಬಿಡಲ್ಲ. ಬದಲಾಯಿಸ್ಕೊಳ್ಳಿ.”

ಯಾರೂ ಏಳಲಿಲ್ಲ. ಅವನು ಮೇಲಕ್ಕೆ ಫೋನ್ ಮಾಡಿದ. ಸಾಹೇಬರು ಮೆಟ್ಟಿಲಿಳಿದು ಬಂದರು. ಕೋಟು ಹಾಕಿದ್ದರು. ಟೈಲರಮ್ಮನನ್ನು ಪಕ್ಕಕ್ಕೆ ಕರೆದು ಮೂಗಿಗೆ ತುಪ್ಪ ಸವರಿದರು. “ನೋಡಮ್ಮ, ಅವರು ಅರ್ಧ ಗಂಟೇಲಿ ಬರ್ತಾರೆ. ಇವತ್ತೊಂದು ದಿನ ಆಸ್ಪತ್ರೆ ಅಂಗೀನೇ ಹಾಕ್ಕೊಳ್ಳಿ. ಮಾನ್ಯತೆ ಬರ್ಲಿ, ಮುಂದಿನ ವರ್ಷ ಲಾಡಿ ನನ್ನ ಜವಾಬ್ದಾರಿ. ಆ ಹಾಳೆಗೆ ಸಹಿ ಹಾಕಿದ್ರಾ?”

“ಇಲ್ಲ ಸಾರ್.”

“ಯಾಕೆ?”

“ಅದ್ರಲ್ಲಿ ಬರ್ದಿರೋದು ಸುಳ್ಳು.”

ಸಾಹೇಬರ ಮುಖದಿಂದ ನಗು ಹೋಯಿತು. ಬೆಂಚಿನ ಕಡೆ ತಿರುಗಿದರು. “ಆಸ್ಪತ್ರೆ ಅಂಗಿ ಹಾಕದವರಿಗೆ ಇವತ್ತು ಟ್ರೀಟ್‌ಮೆಂಟ್ ಇಲ್ಲ. ಯೋಚನೆ ಮಾಡಿ. ಇವರಿಗೇನು, ಇವರದ್ದು ಮುಗಿದಿದೆ. ಹೋಗೋದು ನಿಮ್ಮ ಜೀವ.”

ಏಟು ಸರಿಯಾದ ಜಾಗಕ್ಕೆ ಬಿತ್ತು. ನಿಜ, ಟೈಲರಮ್ಮನದು ಮುಗಿದಿತ್ತು. ಬೇರೆಯವರ ಎದೆ ಒಡ್ಡಿ ಧೈರ್ಯ ತೋರಿಸುವುದು ಸುಲಭ. ಬೆಂಚಿನ ತುದಿಯಲ್ಲಿದ್ದ ಒಬ್ಬಳು ಆಗಲೇ ಲಾಡಿ ಬಿಚ್ಚತೊಡಗಿದ್ದಳು. ಅವಳಿಗೆ ಎರಡು ಚಿಕ್ಕ ಮಕ್ಕಳು.

ಅಜ್ಜಿ ತುದಿಯವಳ ಕೈ ಮೇಲೆ ತನ್ನ ಕೈ ಇಟ್ಟಳು. “ಇರು ತಾಯಿ. ಮೆಷಿನ್ನೂ ನಮ್ಮ ಜೊತೆ ಸ್ವಲ್ಪ ಕಾಯಲಿ. ಕಾದು ಅಭ್ಯಾಸ ಇಲ್ಲ ಅದಕ್ಕೆ.”

ಟೈಲರಮ್ಮ ಬುಟ್ಟಿಯಿಂದ ಆಸ್ಪತ್ರೆಯ ಅಂಗಿಯೊಂದನ್ನು ತೆಗೆದು ಸಾಹೇಬರ ಕೈಗೆ ಕೊಟ್ಟಳು. “ಸಾರ್, ಇದನ್ನ ನಿಮ್ಮ ಕೋಟಿನ ಮೇಲೇ ಹಾಕ್ಕೊಳ್ಳಿ. ಒಂದು ಕೈ ಜೇಬಲ್ಲಿ ಇಟ್ಕೊಳ್ಳಿ, ಇನ್ನೊಂದರಲ್ಲಿ ಫೈಲು ಹಿಡ್ಕೊಳ್ಳಿ. ಆ ಮೀನಿನ ತೊಟ್ಟಿ ತನಕ ಹೋಗಿ ಬನ್ನಿ. ಅಂಗಿ ಬಿಚ್ಕೊಳ್ದೇ ಇದ್ರೆ ಇವರೆಲ್ಲ ಇದನ್ನೇ ಹಾಕ್ತಾರೆ. ನಾನು ಸಹಿನೂ ಹಾಕ್ತೀನಿ.”

ಸಾಹೇಬರು ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಂಬತ್ತು ವರ್ಷದಿಂದ ಆ ಆಸ್ಪತ್ರೆಯಲ್ಲಿದ್ದವರು, ಅದನ್ನು ಕೈಯಲ್ಲಿ ಹಿಡಿದದ್ದು ಅಂದೇ ಇರಬೇಕು.

ಅಷ್ಟರಲ್ಲಿ ಬಾಗಿಲ ಕಡೆಯಿಂದ ಒಂದು ದನಿ. “ದಾರಿ ಬಿಡಿ, ದಾರಿ ಬಿಡಿ! ಸೈಡಿಗೆ ಬನ್ನಿ ಸ್ವಾಮಿ!” ಕಂಡಕ್ಟರ್ ಯೂನಿಫಾರಂನಲ್ಲೇ ಬಂದಿದ್ದಳು. ಪಿಸುಮಾತು ಮಾಯವಾಗಿ, ಬಸ್ಸಿನ ಗಂಟಲೇ ಬಂದಿತ್ತು.

“ನೀವು ಯಾರು?” ಎಂದರು ಸಾಹೇಬರು.

“ಸದರಿ.”

“ಏನು?”

“ನಿಮ್ಮ ಪಟ್ಟೀಲಿ ಏಳನೇ ಸಾಲು. ಮೊದಲನೇ ಸಾಲಿನವಳು ಅಜ್ಞಾನ, ನಾನು ಸದರಿ. ಎಲ್ಲಿ ಅಕ್ಕ, ನನ್ನ ಅಂಗಿ?”

ಅವಳು ಬಚ್ಚಲಿಗೆ ಹೋಗಿ ಬದಲಿಸಿಕೊಂಡು ಬಂದು ಹನ್ನೆರಡನೆಯ ಜಾಗದಲ್ಲಿ ಕೂರುವುದಕ್ಕೂ, ತಪಾಸಣೆಯ ಮೂವರು ಮೆಟ್ಟಿಲಿಳಿ­ಯುವುದಕ್ಕೂ ಸರಿಹೋಯಿತು. ಸಾಹೇಬರು ಕೈಯಲ್ಲಿದ್ದ ಅಂಗಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ತಪಾಸಣೆ ಮುಗಿಯುವ ತನಕ ಎರಡೂ ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದರು, ಶಾಲೆಯಲ್ಲಿ ಬೈಸಿಕೊಳ್ಳುವ ಹುಡುಗನ ಹಾಗೆ. ಮೆಷಿನ್ ಖಾಲಿ ನಿಂತದ್ದು ಕಂಡರೆ ತನ್ನ ತಲೆಗೇ ಬರುತ್ತದೆ ಎಂದು ಲೆಕ್ಕ ಹಾಕಿದ ಟೆಕ್ನೀಷಿಯನ್ ನಂಬರ್ ಕೂಗಿಬಿಟ್ಟ. ಕರುಣೆ ಮಾಡದ ಕೆಲಸವನ್ನು ಎಷ್ಟೋ ಸಲ ನೌಕರಿಯ ಭಯ ಮಾಡುತ್ತದೆ. ಅವನು ಮೊದಲು ಕೂಗಿದ್ದು ಕಂಡಕ್ಟರಳ ನಂಬರ್. ಅವಳು ಫೈಲು ಹಿಡಿದು, ಯಾರ ಆಸರೆಯೂ ಇಲ್ಲದೆ, ಮೀನಿನ ತೊಟ್ಟಿ ದಾಟಿ, ಇಡೀ ಕಾರಿಡಾರ್ ನೋಡುವಂತೆ ನಡೆದು ಒಳಗೆ ಹೋದಳು. ಟೈಲರಮ್ಮ ಗೋಡೆಗೆ ಮುಖ ಮಾಡಿ ಅತ್ತಳು.

“ಈ ಅಂಗಿ ಚೆನ್ನಾಗಿದೆಯಲ್ಲ. ಯಾರ ಯೋಚನೆ?” ಎಂದು ತಪಾಸಣೆಯ ಹೆಂಗಸು ಕೇಳಿದಳು.

“ನಮ್ಮ ರೋಗಿಮಿತ್ರ ಸಮಿತಿಯ ನಿರ್ಧಾರ,” ಎಂದರು ಸಾಹೇಬರು, ರೆಪ್ಪೆ ಬಡಿಯದೆ.

“ಇಲ್ಲಮ್ಮ,” ಎಂದಳು ಟೈಲರಮ್ಮ, ಕಣ್ಣೊರೆಸಿಕೊಂಡು. “ಸಮಿತಿ ನಿರ್ಧಾರ ಮಾಡಿದ್ದು ಮೀನು. ಅಂಗಿ ಬೆಂಚಿನವರದು.”

ಮಾನ್ಯತೆ ಬಂತು. ಬಾರದೆ ಇರುತ್ತದೆಯೇ? ವರದಿಯಲ್ಲಿ ‘ರೋಗಿಸ್ನೇಹಿ ಉಡುಪಿನ ವಿನೂತನ ಪ್ರಯೋಗ’ಕ್ಕೆ ವಿಶೇಷ ಅಂಕ ಸಿಕ್ಕಿತು. ಎಂಟು ತಿಂಗಳ ಟೆಂಡರು ಒಂಬತ್ತು ದಿನದಲ್ಲಿ ಮುಗಿದು, ಲಾಡಿಯಿರುವ ಇನ್ನೂರು ಅಂಗಿ, ಒಂದು ಪರದೆ ಬಂದವು. ಪರದೆಯ ಮುಂದೆ ನಿಂತು ಸಾಹೇಬರು ಫೋಟೋ ತೆಗೆಸಿಕೊಂಡರು. ಅದೇ ವಾರ ಟೈಲರಮ್ಮನಿಗೆ ಪತ್ರ. ಸಮಿತಿಯ ಘನತೆಗೆ ತಕ್ಕಂತೆ ನಡೆದುಕೊಳ್ಳದ ಕಾರಣ ತಮ್ಮನ್ನು ಕೈಬಿಡಲಾಗಿದೆ, ಬಿಲ್ಲೆ ಹಿಂದಿರುಗಿಸುವುದು. ಬಿಲ್ಲೆ ಕೊಟ್ಟಳು. ಪಟ್ಟಿಯನ್ನು ಕೇಳುವುದು ಅವರಿಗೆ ಮರೆತಿತ್ತು. ಅದು ಅವಳ ಅಂಗಡಿಯಲ್ಲಿ ಕತ್ತರಿಯ ಕೆಳಗೆ ಇತ್ತು.

ಕಂಡಕ್ಟರ್ ಉಳಿದ ದಿನಗಳನ್ನೂ, ಮೇಲೆ ಎರಡು ದಿನವನ್ನೂ ಮುಗಿಸಿದಳು. ಮುಗಿದ ಮಾರನೆಯ ದಿನ ರಜೆ ಹಾಕಿ ಅಂಗಡಿಗೆ ಬಂದು ಪಟ್ಟಿ ಎತ್ತಿಕೊಂಡಳು. “ಏಳನೇ ಸಾಲು ಮುಗೀತು. ಉಳಿದ ಆರು ಜನ ಎಲ್ಲಿದಾರೋ ನೋಡ್ಕೊಂಡು ಬರೋಣ, ಏಳಿ ಅಕ್ಕ. ಇವೆಲ್ಲ ನಂಗೆ ಗೊತ್ತಿರೋ ರೂಟೇ.”

ಮೊದಲ ವಿಳಾಸ ಮೂರನೆಯ ಮಹಡಿಯ ಒಂದು ಕೋಣೆ. ಬಾಗಿಲು ತೆರೆದದ್ದು ಹದಿನೆಂಟು ಹತ್ತೊಂಬತ್ತರ ಹುಡುಗಿ. ಅಮ್ಮನ ಹೆಸರು ಹೇಳಿದೊಡನೆ ಬಾಗಿಲನ್ನು ಇನ್ನಷ್ಟು ಮುಚ್ಚಿ ಹಿಡಿದಳು.

“ಅಮ್ಮ ತೀರ್ಕೊಂಡು ನಾಲ್ಕು ತಿಂಗಳಾಯ್ತು. ನೀವು ಆಸ್ಪತ್ರೆಯವರಾ? ಈಗ ಬಂದ್ರಾ?”

“ನಾವು ಆಸ್ಪತ್ರೆಯವರಲ್ಲಮ್ಮ,” ಎಂದಳು ಟೈಲರಮ್ಮ. “ನಿಮ್ಮಮ್ಮ ಕೂತಿದ್ದ ಬೆಂಚಿನವರು.”

ಹುಡುಗಿ ಬಾಗಿಲು ಬಿಟ್ಟಳು. ಒಳಗಿನ ಮಂಚದ ಮೇಲೆ ಗಂಡಸೊಬ್ಬ ಗೋಡೆಯ ಕಡೆ ತಿರುಗಿ ಮಲಗಿದ್ದ.

“ಅಮ್ಮ ಯಾಕೆ ಅರ್ಧಕ್ಕೆ ಬಿಟ್ರು, ಏನಾದ್ರೂ ಹೇಳಿದ್ರಾ?”

“ಏನೂ ಹೇಳಲಿಲ್ಲ. ದಿನಾ ಹೋಗುವಾಗ ನಾಲ್ಕು ಸೇಫ್ಟಿಪಿನ್ ತಗೊಂಡು ಹೋಗ್ತಿದ್ರು. ಯಾಕಮ್ಮ ಅಂದ್ರೆ ಬೇಕಾಗುತ್ತೆ ಅಂತಿದ್ರು. ಒಂದು ದಿನ ವಾಪಸ್ ಬಂದು, ಮೆಷಿನ್ ಹತ್ರ ಕಬ್ಬಿಣ ಬಿಡಲ್ಲವಂತೆ, ಪಿನ್ನೆಲ್ಲ ಕಿತ್ತುಕೊಂಡ್ರು ಅಂದ್ರು. ಆಮೇಲೆ ಹೋಗ್ಲೇ ಇಲ್ಲ.” ಹುಡುಗಿ ದನಿ ತಗ್ಗಿಸಿದಳು. “ಅಪ್ಪ ಸಾಲು ನಿಂತು ಟೋಕನ್ ತಗೊಂಡು ಬರ್ತಿದ್ರು. ಅವಳೇ ಹಟ ಮಾಡಿ ಜೀವ ಕಳ್ಕೊಂಡ್ಲು, ಮೂರ್ಖಳು ಅಂತ ಇವತ್ತಿಗೂ ಬೈತಾರೆ. ಅಮ್ಮನ ಫೋಟೋ ಕೂಡ ತೆಗೆದಿಟ್ಟಿದಾರೆ.”

ಕಂಡಕ್ಟರ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಟೈಲರಮ್ಮ ಕನ್ನಡಕ ಏರಿಸಿ, ಪಟ್ಟಿಯನ್ನು ಹೊಸ್ತಿಲ ಮೇಲೆ ಹಾಸಿ ಕೂತಳು. ಮೊದಲ ಸಾಲಿನ ‘ಅಜ್ಞಾನ’ವನ್ನು ಒಂದೇ ಗೆರೆಯಲ್ಲಿ ಹೊಡೆದು ಹಾಕಿದಳು. ಪಕ್ಕದಲ್ಲಿ ಬರೆದಳು: ‘ಆಸ್ಪತ್ರೆ ಕೊಟ್ಟ ಅಂಗಿಗೆ ಲಾಡಿ ಇರಲಿಲ್ಲ. ಆಕೆಯದು ತಪ್ಪಿಲ್ಲ.’ ಕೆಳಗೆ ತನ್ನ ಸಹಿ ಹಾಕಿದಳು. ಕಂಡಕ್ಟರ್ ಹಾಳೆ ಎಳೆದುಕೊಂಡು ತನ್ನದನ್ನೂ ಹಾಕಿದಳು.

“ಅಪ್ಪನ್ನ ಎಬ್ಬಿಸು ಮಗಳೇ,” ಎಂದಳು ಟೈಲರಮ್ಮ. “ಅವರಿಗೆ ಇದನ್ನ ಓದಿ ಹೇಳ್ಬೇಕು.”